ಶೋಧಯಂತ್ರ ಮತ್ತು ಹಣಕಾಸು ಕ್ಷೇತ್ರಗಳಲ್ಲಿ ಕೃತಕ ಬುದ್ಧಿಮತ್ತೆ

ಅಂತರ್ಜಾಲದ ಅಸಂಖ್ಯ ಪುಟಗಳ ನಡುವೆ ಕೇಳಿದವರಿಗೆ ಬೇಕಾದುದನ್ನು ಆರಿಸಿ ಮುಂದಿಡುವ ಕೆಲಸದಲ್ಲಿಯೂ, ಸಾಲ, ಪಾವತಿ, ಷೇರು ಮೊದಲಾದ ವ್ಯವಹಾರಗಳಲ್ಲಿ ನಷ್ಟದ ಸಂಭವವನ್ನು ಅಳೆಯುವ ಕೆಲಸದಲ್ಲಿಯೂ ಕೃತಕ ಬುದ್ಧಿಮತ್ತೆ ಇಂದು ಆಳವಾಗಿ ನೆಲೆಯೂರಿದೆ. ಮನುಷ್ಯರು ಒಂದೊಂದಾಗಿ ಬರೆದುಕೊಟ್ಟ ನಿಯಮಗಳನ್ನಷ್ಟೇ ಪಾಲಿಸದೆ, ಹಿಂದಿನ ದತ್ತಾಂಶಗಳನ್ನು ನೋಡಿ ತಾನೇ ನಿಯಮಗಳನ್ನು ಕಂಡುಕೊಳ್ಳುವ ಗಣಕವಿಧಾನಕ್ಕೆ ಯಂತ್ರಕಲಿಕೆ ಎಂದು ಹೆಸರು; ಈ ಎರಡು ಕ್ಷೇತ್ರಗಳಲ್ಲಿ ಕೃತಕ ಬುದ್ಧಿಮತ್ತೆ ಎಂದಾಗ ಹೆಚ್ಚಾಗಿ ಸೂಚಿತವಾಗುವುದು ಈ ಯಂತ್ರಕಲಿಕೆಯೇ. ಮಾಹಿತಿ ಹುಡುಕುವುದಕ್ಕೂ ಸಾಲ ಕೊಡುವುದಕ್ಕೂ ಮೇಲ್ನೋಟಕ್ಕೆ ಸಂಬಂಧವಿಲ್ಲವೆಂದು ತೋರಿದರೂ ಯಂತ್ರದ ದೃಷ್ಟಿಯಲ್ಲಿ ಎರಡೂ ಒಂದೇ ಬಗೆಯ ಕೆಲಸ: ಎದುರಿಗಿರುವ ಪ್ರತಿಯೊಂದಕ್ಕೂ ಒಂದು ಅಂಕ ಕೊಡಬೇಕು, ಅಂಕದ ಪ್ರಕಾರ ಮೇಲೆ ಕೆಳಗೆ ಜೋಡಿಸಬೇಕು. ಪುಟಕ್ಕೆ ಸಿಗುವ ಅಂಕ ಅದು ಪ್ರಶ್ನೆಗೆ ಎಷ್ಟು ಹೊಂದುತ್ತದೆ ಎಂಬುದನ್ನು ಹೇಳಿದರೆ, ಸಾಲಗಾರನಿಗೆ ಸಿಗುವ ಅಂಕ ಅವನು ಕಂತು ತಪ್ಪಿಸುವ ಸಂಭವ ಎಷ್ಟು ಎಂಬುದನ್ನು ಹೇಳುತ್ತದೆ.

ಇದಕ್ಕಿಂತ ಮುಖ್ಯವಾದ ಸಾಮ್ಯ ಇನ್ನೊಂದಿದೆ. ಹವಾಮಾನ ಇಲಾಖೆ ಮುನ್ಸೂಚನೆ ಕೊಟ್ಟಿತೆಂದು ಮುಂಗಾರಿನ ಮೋಡ ತನ್ನ ದಾರಿ ಬದಲಿಸುವುದಿಲ್ಲ. ಆದರೆ ಶೋಧಯಂತ್ರದ ಅಂಕ ಹೇಗೆ ಬರುತ್ತದೆಂದು ಗೊತ್ತಾದ ಕೂಡಲೇ ಜಾಲತಾಣದವರು ಪುಟಗಳನ್ನು ಅದಕ್ಕೆ ತಕ್ಕಂತೆ ತಿದ್ದುತ್ತಾರೆ. ಬ್ಯಾಂಕು ಯಾವುದನ್ನು ಅನುಮಾನಿಸುತ್ತದೆಂದು ಗೊತ್ತಾದ ಕೂಡಲೇ ವಂಚಕರು ಬೇರೆ ದಾರಿ ಹಿಡಿಯುತ್ತಾರೆ. ಅಳೆಯುವ ಯಂತ್ರದ ಜೊತೆಗೆ ಅಳೆಯಲ್ಪಡುವವರೂ ಕಲಿಯುತ್ತಿರುವ ಕ್ಷೇತ್ರಗಳಿವು. ಇಲ್ಲಿ ಯಂತ್ರ ಕಲಿತು ಕಟ್ಟಿಕೊಂಡ ಯಾವ ಮಾದರಿಯೂ ಬಹುಕಾಲ ಹಾಗೆಯೇ ಬಾಳುವುದಿಲ್ಲವೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಇತಿಹಾಸವೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಶೋಧಯಂತ್ರ: ಪದದಿಂದ ಅರ್ಥದ ಕಡೆಗೆ

ಅಂತರ್ಜಾಲದ ಮೊದಲ ಶೋಧಸಾಧನವೆಂದು ಹೆಸರಾದ ಆರ್ಚಿಯನ್ನು 1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ ರೂಪಿಸಿದ. ಅದು ಕಡತಗಳ ಹೆಸರುಗಳನ್ನು ಮಾತ್ರ ಹುಡುಕುತ್ತಿತ್ತು. ಪುಟದ ಒಳಗಿನ ಮಾತುಗಳನ್ನೇ ಹುಡುಕುವ ವಿದ್ಯೆ ಅದಕ್ಕಿಂತ ಹಳೆಯದು. ಗ್ರಂಥಾಲಯ ಮತ್ತು ದಾಖಲೆಗಳ ಅಗತ್ಯದಿಂದ ಹುಟ್ಟಿದ ಈ ಶಾಸ್ತ್ರವನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆರಾರ್ಡ್ ಸಾಲ್ಟನ್ ದಶಕಗಳ ಕಾಲ ಬೆಳೆಸಿದ. ಅದರ ತಳಹದಿ ಪದಸೂಚಿ. ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಪದಗಳನ್ನು ಕೊಟ್ಟು ಎದುರಿಗೆ ಪುಟಸಂಖ್ಯೆಗಳನ್ನು ಬರೆದಿರುವ ಹಾಗೆ, ಶೋಧಯಂತ್ರವೂ ಪ್ರತಿ ಪದದ ಎದುರು ಅದು ಬರುವ ಪುಟಗಳ ಪಟ್ಟಿಯನ್ನು ಮೊದಲೇ ಕಟ್ಟಿಟ್ಟುಕೊಳ್ಳುತ್ತದೆ. ಹಾಗಾಗಿ ಪ್ರಶ್ನೆ ಬಂದಾಗ ಅಂತರ್ಜಾಲವನ್ನೆಲ್ಲ ಜಾಲಾಡದೆ ಈ ಸೂಚಿಯನ್ನಷ್ಟೇ ನೋಡಿದರೆ ಸಾಕು. ಎಲ್ಲ ಪದಗಳಿಗೂ ಒಂದೇ ತೂಕವಿರಬಾರದೆಂಬ ತಿಳಿವಳಿಕೆಯನ್ನು ಖಚಿತ ಸೂತ್ರವಾಗಿಸಿದವಳು ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್. 1972ರಲ್ಲಿ ಆಕೆ ತೋರಿಸಿಕೊಟ್ಟಂತೆ, ಎಲ್ಲ ಪುಟಗಳಲ್ಲಿಯೂ ಬರುವ 'ಮತ್ತು' ಎಂಬ ಪದದಿಂದ ಏನೂ ತಿಳಿಯುವುದಿಲ್ಲ, ಅಪರೂಪಕ್ಕೆ ಬರುವ 'ಮೈಲುತುತ್ತ' ಎಂಬ ಪದದಿಂದ ಬಹಳಷ್ಟು ತಿಳಿಯುತ್ತದೆ. ಆದ್ದರಿಂದ ಪದ ಅಪರೂಪವಾದಷ್ಟೂ ಅದರ ತೂಕ ಹೆಚ್ಚಬೇಕು. ಐದು ದಶಕಗಳು ಕಳೆದರೂ ಈ ಸೂತ್ರ ಬಳಕೆಯಲ್ಲಿದೆ.

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಇದಕ್ಕೆ ಇನ್ನೊಂದು ಅಳತೆಯನ್ನು ಸೇರಿಸಿದರು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಒಂದು ಮತ. ಹೆಚ್ಚು ಮತ ಪಡೆದ ಪುಟ ಕೊಡುವ ಮತಕ್ಕೆ ಬೆಲೆಯೂ ಹೆಚ್ಚು. ಪೇಜ್‌ರ್‍ಯಾಂಕ್ ಎಂಬ ಈ ವಿಧಾನದ ಮೇಲೆಯೇ ಗೂಗಲ್ ಸಂಸ್ಥೆ ಹುಟ್ಟಿತು. ಕೊಂಡಿಗೆ ಬೆಲೆ ಬಂದ ಕೂಡಲೇ ಕೊಂಡಿಗಳನ್ನು ಕೊಳ್ಳುವ, ಮಾರುವ, ಪರಸ್ಪರ ಕೊಂಡಿ ಕೊಟ್ಟುಕೊಳ್ಳುವುದಕ್ಕೆಂದೇ ಸುಳ್ಳು ತಾಣಗಳನ್ನು ಹೆಣೆಯುವ ಉದ್ಯಮವೂ ಹುಟ್ಟಿತು. ಕೈಯಿಂದ ಬರೆದ ನಿಯಮಗಳಿಗೆ ಮಿತಿಯಿದೆಯೆಂದು ಶೋಧಯಂತ್ರದವರು ಮನಗಂಡದ್ದು ಈ ಹಗ್ಗಜಗ್ಗಾಟದಲ್ಲಿ.

ಪದ ಹುಡುಕುವುದಕ್ಕೂ ಅರ್ಥ ಹುಡುಕುವುದಕ್ಕೂ ಇರುವ ಅಂತರವನ್ನು ಮಲೆನಾಡಿನ ಒಂದು ಪ್ರಶ್ನೆಯಿಂದ ನೋಡಬಹುದು. ಮಳೆಗಾಲದಲ್ಲಿ ಅಡಿಕೆ ಕಾಯಿಗಳು ಕೊಳೆತು ಉದುರತೊಡಗಿದಾಗ ಬೆಳೆಗಾರರೊಬ್ಬರು ಮೊಬೈಲಿನಲ್ಲಿ 'ಅಡಿಕೆ ಕೊಳೆಗೆ ಯಾವ ಔಷಧಿ ಹೊಡೆಯಬೇಕು' ಎಂದು ಕೇಳುತ್ತಾರೆ. ಸರಿಯಾದ ಉತ್ತರವಿರುವ ಕೃಷಿ ಲೇಖನದಲ್ಲಿ 'ಅಡಕೆಯ ಮಹಾಳಿ ರೋಗದ ಹತೋಟಿಗೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವುದು' ಎಂದಿರುತ್ತದೆ. ಪ್ರಶ್ನೆಯಲ್ಲಿ ಅಡಿಕೆ, ಉತ್ತರದಲ್ಲಿ ಅಡಕೆ. ಪ್ರಶ್ನೆಯಲ್ಲಿ ಕೊಳೆ, ಉತ್ತರದಲ್ಲಿ ಮಹಾಳಿ. ಪ್ರಶ್ನೆಯಲ್ಲಿ ಔಷಧಿ ಹೊಡೆಯುವುದು, ಉತ್ತರದಲ್ಲಿ ದ್ರಾವಣ ಸಿಂಪಡಿಸುವುದು. ಕರಾವಳಿಯ ಕಡೆಯವರು ಕೇಳಿದ್ದರೆ 'ಮದ್ದು ಬಿಡುವುದು' ಎಂಬ ಮೂರನೆಯ ಮಾತೂ ಬರುತ್ತಿತ್ತು. ಎರಡು ವಾಕ್ಯಗಳ ನಡುವೆ ಅಕ್ಷರಶಃ ಕೂಡುವ ಪದ ಒಂದೂ ಇಲ್ಲದಿರುವುದರಿಂದ ಪದಸೂಚಿಯನ್ನಷ್ಟೇ ನಂಬಿದ ಯಂತ್ರ ಈ ಲೇಖನವನ್ನು ತೋರಿಸಲಾರದು. ಊರಿನ ಯಾವ ಬೆಳೆಗಾರನಿಗೂ ಎರಡೂ ಒಂದೇ ವಿಷಯವೆಂದು ಹೇಳಿಕೊಡಬೇಕಿಲ್ಲ. ಯಂತ್ರ ಕಲಿಯಬೇಕಾಗಿದ್ದುದು ಈ ತಿಳಿವಳಿಕೆಯನ್ನೇ.

ಇದಕ್ಕೆ ದಾರಿ ತೋರಿಸಿದ್ದು ಪದಗಳನ್ನು ಸಂಖ್ಯೆಗಳ ಸಾಲಾಗಿ ಬರೆಯುವ ವಿಧಾನ. ಒಂದೇ ಬಗೆಯ ನೆರೆಹೊರೆಯಲ್ಲಿ ಬರುವ ಪದಗಳ ಅರ್ಥವೂ ಹತ್ತಿರದ್ದಾಗಿರುತ್ತದೆ ಎಂಬುದು ಅದರ ಮೂಲ ತತ್ತ್ವ. 'ಕೊಳೆ' ಮತ್ತು 'ಮಹಾಳಿ' ಎರಡರ ಆಸುಪಾಸಿನಲ್ಲಿಯೂ ಅಡಿಕೆ, ಗೊನೆ, ಮಳೆ, ಸುಣ್ಣ, ಮೈಲುತುತ್ತ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆಯಾದ್ದರಿಂದ, ಲಕ್ಷಾಂತರ ವಾಕ್ಯಗಳನ್ನು ಓದಿದ ನರಜಾಲ, ಎಂದರೆ ಮಿದುಳಿನ ನರಕೋಶಗಳ ಜೋಡಣೆಯಿಂದ ಪ್ರೇರಣೆ ಪಡೆದ ಲೆಕ್ಕಾಚಾರದ ಜಾಲ, ಆ ಎರಡು ಪದಗಳಿಗೂ ಹತ್ತಿರಹತ್ತಿರದ ಸಂಖ್ಯೆಗಳನ್ನು ಕೊಡುತ್ತದೆ. ಗೂಗಲ್‌ನಲ್ಲಿದ್ದ ಟೊಮಾಸ್ ಮಿಕೊಲೊವ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ವರ್ಡ್‌ಟುವೆಕ್ ಈ ವಿಧಾನವನ್ನು ಎಲ್ಲರ ಕೈಗೆಟುಕುವಂತೆ ಮಾಡಿತು. 2015ರಲ್ಲಿ ಗೂಗಲ್ ತನ್ನ ಶೋಧದಲ್ಲಿ ರ್‍ಯಾಂಕ್‌ಬ್ರೈನ್ ಎಂಬ ಕಲಿಯುವ ಘಟಕವನ್ನು ಬಳಸುತ್ತಿರುವುದಾಗಿ ತಿಳಿಸಿತು. ಪ್ರತಿದಿನ ಬರುವ ಪ್ರಶ್ನೆಗಳಲ್ಲಿ ಸುಮಾರು ಶೇಕಡ 15ರಷ್ಟು ಹಿಂದೆಂದೂ ಯಾರೂ ಕೇಳದಂಥವು ಎಂದು ಆ ಸಂಸ್ಥೆ ಹೇಳಿಕೊಂಡು ಬಂದಿದ್ದು, ಅಂಥವನ್ನು ತನಗೆ ಗೊತ್ತಿರುವ ಪ್ರಶ್ನೆಗಳೊಂದಿಗೆ ಹೋಲಿಸಿ ಊಹಿಸುವುದು ಈ ಘಟಕದ ಕೆಲಸವಾಗಿತ್ತು. ಸಾಲ್ಟನ್‌ನ ಶಿಷ್ಯನಾಗಿದ್ದ ಅಮಿತ್ ಸಿಂಘಾಲ್ 2016ರಲ್ಲಿ ಶೋಧವಿಭಾಗದ ಮುಖ್ಯಸ್ಥನ ಸ್ಥಾನ ಬಿಟ್ಟಾಗ ಆ ಜಾಗಕ್ಕೆ ಬಂದವನು ಸಂಸ್ಥೆಯ ಕೃತಕ ಬುದ್ಧಿಮತ್ತೆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಜಾನ್ ಜಿಯಾನಾಂಡ್ರಿಯಾ ಎಂಬುದು ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದನ್ನು ಹೇಳುತ್ತದೆ.

ಬಳಕೆದಾರರು ಯಾವ ಕೊಂಡಿಯನ್ನು ಒತ್ತಿದರು, ಒತ್ತಿ ಎಷ್ಟು ಬೇಗ ಹಿಂದಿರುಗಿದರು ಎಂಬುದೂ ಯಂತ್ರಕ್ಕೆ ಪಾಠವೇ. ಕಾಗುಣಿತ ತಿದ್ದುವುದು, ಅರ್ಧ ಬರೆದ ಪ್ರಶ್ನೆಯನ್ನು ಪೂರ್ತಿಗೊಳಿಸುವುದು, ಚಿತ್ರ ತೋರಿಸಿ ಹುಡುಕುವುದು, ಮಾತಿನಲ್ಲಿ ಕೇಳುವುದು ಇವೆಲ್ಲವೂ ಯಂತ್ರಕಲಿಕೆಯ ಬೇರೆ ಬೇರೆ ಮುಖಗಳು.

ಪದಗಳ ಅರ್ಥ ಸಿಕ್ಕಿದರೂ ವಾಕ್ಯದ ಅರ್ಥ ಸಿಗಬೇಕೆಂದಿಲ್ಲ. 2017ರಲ್ಲಿ ಗೂಗಲ್‌ನ ಸಂಶೋಧಕರು ಟ್ರಾನ್ಸ್‌ಫಾರ್ಮರ್ ಎಂಬ ಹೊಸ ನರಜಾಲ ರಚನೆಯನ್ನು ಮುಂದಿಟ್ಟರು. ವಾಕ್ಯದ ಪ್ರತಿಯೊಂದು ಪದವೂ ಉಳಿದೆಲ್ಲ ಪದಗಳ ಕಡೆಗೆ ಗಮನ ಹರಿಸಿ, ಅವುಗಳ ಸಂಬಂಧದಲ್ಲಿ ತನ್ನ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಇದರ ವಿಶೇಷ. ಇದನ್ನು ಆಧರಿಸಿದ ಬರ್ಟ್ ಎಂಬ ಭಾಷಾಮಾದರಿ 2019ರ ಅಕ್ಟೋಬರಿನಲ್ಲಿ ಇಂಗ್ಲಿಷ್ ಶೋಧಕ್ಕೂ ಅದೇ ವರ್ಷದ ಡಿಸೆಂಬರಿನಲ್ಲಿ 70ಕ್ಕೂ ಹೆಚ್ಚು ಭಾಷೆಗಳಿಗೂ ಬಂತು. ಇಂಗ್ಲಿಷಿನಲ್ಲಿ ಎಲ್ಲಿಂದ, ಎಲ್ಲಿಗೆ ಎಂಬುದನ್ನು ಸೂಚಿಸುವ ಪುಟ್ಟ ಪದಗಳನ್ನು ಹಳೆಯ ಯಂತ್ರಗಳು ಕಡೆಗಣಿಸುತ್ತಿದ್ದವು; ಬರ್ಟ್ ಅವುಗಳಿಗೆ ಕಿವಿಗೊಟ್ಟಿತು.

ಕನ್ನಡದಲ್ಲಿ ಹುಡುಕುವಾಗ

ಪದಗಳ ಸಂಬಂಧದಿಂದ ವಾಕ್ಯದ ಅರ್ಥ ಹಿಡಿಯುವ ಈ ಕೆಲಸ ಕನ್ನಡದಲ್ಲಿ ಇನ್ನಷ್ಟು ಕಠಿಣವಾದುದು. ಇಂಗ್ಲಿಷಿನಲ್ಲಿ ಬಿಡಿಪದಗಳು ಹೊರುವ ಹೊಣೆಯನ್ನು ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಹೊರುತ್ತವೆ. 'ಬೆಂಗಳೂರಿನಿಂದ ಮೈಸೂರಿಗೆ ರೈಲು' ಮತ್ತು 'ಬೆಂಗಳೂರಿಗೆ ಮೈಸೂರಿನಿಂದ ರೈಲು' ಎಂಬ ಎರಡು ಪ್ರಶ್ನೆಗಳಲ್ಲಿ ಪ್ರತ್ಯಯಗಳನ್ನು ಕತ್ತರಿಸಿ ಮೂಲಪದಗಳನ್ನಷ್ಟೇ ಉಳಿಸಿಕೊಂಡರೆ ಪಯಣದ ದಿಕ್ಕೇ ಕಳೆದುಹೋಗುತ್ತದೆ. ಕತ್ತರಿಸದೆ ಬಿಟ್ಟರೆ ಮನೆಯಲ್ಲಿ, ಮನೆಯಿಂದ, ಮನೆಗಳಿಗೂ, ಮನೆಯವರೊಂದಿಗೆ ಎಂಬವೆಲ್ಲ ಸೂಚಿಯಲ್ಲಿ ಸಂಬಂಧವಿಲ್ಲದ ಬೇರೆ ಬೇರೆ ಪದಗಳಾಗಿ ಕೂರುತ್ತವೆ. ಸಂಧಿ, ಸಮಾಸಗಳು ಇದರ ಮೇಲಿನ ತೊಡಕು. ಬರ್ಟ್‌ನಂಥ ಮಾದರಿಗಳು ಪದವನ್ನು ಸಣ್ಣ ತುಣುಕುಗಳಾಗಿ ಒಡೆದು ಕಲಿಯುವುದರಿಂದ ಈ ತೊಡಕು ಸ್ವಲ್ಪಮಟ್ಟಿಗೆ ಸಡಿಲವಾಗಿದೆಯಾದರೂ, ತುಣುಕುಗಳ ಪಟ್ಟಿಯನ್ನು ಹೆಚ್ಚಾಗಿ ದೊಡ್ಡ ಭಾಷೆಗಳ ಪಠ್ಯ ನೋಡಿ ತಯಾರಿಸಿರುವುದರಿಂದ ಕನ್ನಡದ ಒಂದು ಪದ ಅರ್ಥವಿಲ್ಲದ ಹಲವು ಚೂರುಗಳಾಗಿ ಸಿಡಿಯುವುದುಂಟು.

ಕಲಿಯಲು ಬೇಕಾದ ಪಠ್ಯದ ಕೊರತೆಯೂ ಇದೆ, ಅದಕ್ಕೆ ಇತಿಹಾಸವೂ ಇದೆ. ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ, ನಾಡಿನ ಕಚೇರಿ, ಮುದ್ರಣಾಲಯ, ಪತ್ರಿಕೆಗಳು ಬಹುಕಾಲ ನುಡಿ, ಬರಹ ಮೊದಲಾದ ತಂತ್ರಾಂಶಗಳ ಯೂನಿಕೋಡೇತರ ಅಕ್ಷರಗಳಲ್ಲಿಯೇ ಬೆರಳಚ್ಚು ಮಾಡಿದವು. ಅಂಥ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಗಣಕದ ಒಳಗೆ ರೋಮನ್ ಅಕ್ಷರಗಳ ಗೋಜಲಾಗಿರುತ್ತದೆ. ಶೋಧಯಂತ್ರ ಅದರಲ್ಲಿ ಕನ್ನಡವನ್ನು ಕಾಣುವುದೇ ಇಲ್ಲ. ಎಷ್ಟೋ ಸರ್ಕಾರಿ ಆದೇಶಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಮಾತ್ರ ಜಾಲದಲ್ಲಿವೆ. ಹೀಗೆ ಒಂದು ತಲೆಮಾರಿನ ಬರಹ ಯಂತ್ರದ ಕಣ್ಣಿಗೆ ಬೀಳದೆ ಉಳಿದದ್ದು ಕನ್ನಡಕ್ಕೆ ಆದ ನಿಜವಾದ ನಷ್ಟ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, ಮದ್ರಾಸಿನ ಐಐಟಿಯ ಎಐಫಾರ್‌ಭಾರತ್ ತಂಡ ಕಟ್ಟಿದ ಭಾರತೀಯ ಭಾಷೆಗಳ ಪಠ್ಯಭಂಡಾರಗಳು, ಕೇಂದ್ರ ಸರ್ಕಾರ 2022ರಲ್ಲಿ ತೆರೆದ ಭಾಷಿಣಿ ಯೋಜನೆ ಇವು ಆ ಕೊರತೆಯನ್ನು ತುಂಬುವ ಪ್ರಯತ್ನಗಳು. ಇವುಗಳಲ್ಲಿ ಸಾಕಷ್ಟು ಕೆಲಸ ಸ್ವಯಂಸೇವಕರ ಮತ್ತು ವಿದ್ಯಾರ್ಥಿಗಳ ತಾಳ್ಮೆಯ ಫಲವೆಂಬುದನ್ನು ಇಲ್ಲಿ ನೆನೆಯುವುದು ನ್ಯಾಯ.

ಕನ್ನಡಿಗರು ಶೋಧಯಂತ್ರದ ದೋಷವನ್ನು ಒಟ್ಟಾಗಿ ಕಂಡದ್ದು 2021ರ ಜೂನ್ ಮೊದಲ ವಾರದಲ್ಲಿ. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಮೇಲ್ತುದಿಯ ಉತ್ತರಪೆಟ್ಟಿಗೆಯಲ್ಲಿ ಕನ್ನಡದ ಹೆಸರನ್ನು ತೋರಿಸಿತು. ನಾಡಿನಾದ್ಯಂತ ಆಕ್ರೋಶ ವ್ಯಕ್ತವಾಯಿತು, ಕಾನೂನು ಕ್ರಮ ಕೈಗೊಳ್ಳುವುದಾಗಿ ರಾಜ್ಯ ಸರ್ಕಾರ ಹೇಳಿತು, ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಇಲ್ಲಿ ಯಂತ್ರ ಯಾವ ತೀರ್ಪನ್ನೂ ಕೊಟ್ಟಿರಲಿಲ್ಲ. ಪ್ರಶ್ನೆಯ ಮಾತುಗಳನ್ನು ಹೆಚ್ಚು ಹೋಲುವ ಸಾಲು ಎಲ್ಲಿದೆಯೆಂದು ನೋಡಿ, ಯಾವುದೋ ಮೂಲೆಯ ತಾಣದಲ್ಲಿದ್ದ ಹುರುಳಿಲ್ಲದ ವಾಕ್ಯವನ್ನು ಎತ್ತಿ ತಂದಿತ್ತು. ಪ್ರಶ್ನೆಯೇ ತಪ್ಪಾಗಿರಬಹುದೆಂಬ ವಿವೇಕ ಅದಕ್ಕಿರಲಿಲ್ಲ. ಹತ್ತು ಕೊಂಡಿಗಳ ಪಟ್ಟಿಯಲ್ಲಿ ಒಂದಾಗಿ ಕೆಳಗೆ ಬಿದ್ದಿದ್ದರೆ ಯಾರೂ ಗಮನಿಸದಿದ್ದ ಆ ಮಾತು ಪೆಟ್ಟಿಗೆಯೊಳಗೆ ದಪ್ಪ ಅಕ್ಷರದಲ್ಲಿ ಕೂತಾಗ ನಿರ್ಣಯದಂತೆ ಕಂಡಿತು.

ಪಟ್ಟಿ ಕೊಡುವ ಯಂತ್ರ ಉತ್ತರ ಕೊಡುವ ಯಂತ್ರವಾಗುವ ಈ ಬದಲಾವಣೆ 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದ ಮೇಲೆ ವೇಗ ಪಡೆಯಿತು. ಮುಂದಿನ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಬಿಂಗ್ ಶೋಧಯಂತ್ರಕ್ಕೆ ಸಂಭಾಷಣೆಯ ಶಕ್ತಿ ಕೊಟ್ಟಿತು; 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಆಗಸ್ಟಿನಲ್ಲಿ ಭಾರತದಲ್ಲಿಯೂ ಗೂಗಲ್ ಪುಟಗಳ ಸಾರವನ್ನು ತಾನೇ ಬರೆದು ಮೇಲೆ ತೋರಿಸತೊಡಗಿತು. ಮಾದರಿಯೊಂದು ನೆನಪಿನಿಂದಲೇ ಉತ್ತರ ಹೆಣೆದರೆ ಇಲ್ಲದ್ದನ್ನೂ ಸೇರಿಸಿ ಹೇಳುತ್ತದೆಯಾದ್ದರಿಂದ, ಮೊದಲು ಸಂಬಂಧಪಟ್ಟ ಪುಟಗಳನ್ನು ಹುಡುಕಿ ತಂದು ಅವನ್ನು ಎದುರಿಗಿಟ್ಟುಕೊಂಡು ಬರೆಯುವ ವಿಧಾನವನ್ನು 2020ರಿಂದ ಬೆಳೆಸಲಾಗಿದೆ. ತಂದ ಪುಟವೇ ತಮಾಷೆಯದ್ದಾದರೆ ಈ ವಿಧಾನವೂ ಕಾಪಾಡಲಾರದು: ಪಿಜ್ಜಾದಿಂದ ಚೀಸ್ ಜಾರದಿರಲು ಅಂಟು ಹಾಕಿರೆಂದು 2024ರಲ್ಲಿ ಯಂತ್ರ ಸಲಹೆ ಕೊಟ್ಟಿತು, ಅದರ ಮೂಲ ಹನ್ನೊಂದು ವರ್ಷಗಳ ಹಿಂದೆ ಯಾರೋ ನಗೆಗಾಗಿ ಬರೆದ ಸಾಲಾಗಿತ್ತು. ಉತ್ತರ ಮೇಲೆಯೇ ಸಿಕ್ಕಿದರೆ ಮೂಲ ಪುಟಕ್ಕೆ ಹೋಗುವವರು ಕಡಿಮೆಯಾಗುತ್ತಾರೆ. ಓದುಗರಿಲ್ಲದೆ ಪುಟ ಬರೆಯುವವರೂ ಕಡಿಮೆಯಾದರೆ ಯಂತ್ರ ಮುಂದೆ ಯಾವುದನ್ನು ಓದಿ ಕಲಿಯಬೇಕು ಎಂಬ ಪ್ರಶ್ನೆ ಕನ್ನಡದಂಥ, ಮೊದಲೇ ಪಠ್ಯ ಕಡಿಮೆಯಿರುವ ಭಾಷೆಗಳಿಗೆ ಹೆಚ್ಚು ಕಳವಳದ್ದು.

ಎರಡು ಕ್ಷೇತ್ರಗಳು ಕೂಡುವ ಕಡೆ

ಶೋಧಯಂತ್ರದ ತಪ್ಪು ನೇರವಾಗಿ ಹಣದ ನಷ್ಟವಾಗಬಲ್ಲದೆಂದು ತೋರಿಸಿದ ಘಟನೆ 2008ರ ಸೆಪ್ಟೆಂಬರ್ 8ರಂದು ನಡೆಯಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ದಿವಾಳಿ ಅರ್ಜಿ ಹಾಕಿದ 2002ರ ಹಳೆಯ ಸುದ್ದಿಯೊಂದು ಫ್ಲಾರಿಡಾದ ಪತ್ರಿಕೆಯ ಜಾಲತಾಣದಲ್ಲಿ ಹೆಚ್ಚು ಓದಿದ ಸುದ್ದಿಗಳ ಪಟ್ಟಿಗೆ ಹೇಗೋ ಬಂದಿತ್ತು. ಆ ಪುಟದಲ್ಲಿ ಪ್ರಕಟವಾದ ದಿನಾಂಕವಿರಲಿಲ್ಲ. ಜಾಲವನ್ನು ಸುತ್ತಿ ಪುಟಗಳನ್ನು ಸಂಗ್ರಹಿಸುವ ಗೂಗಲ್‌ನ ತಂತ್ರಾಂಶ ಅದನ್ನು ಹೊಸದೆಂದು ತಿಳಿದು ಅಂದಿನ ಸುದ್ದಿಗಳೊಂದಿಗೆ ಸೇರಿಸಿತು. ಅಲ್ಲಿ ಅದನ್ನು ಕಂಡ ಹೂಡಿಕೆ ಸಲಹಾಸಂಸ್ಥೆಯೊಂದರ ಮೂಲಕ ಅದು ಷೇರು ದಲ್ಲಾಳಿಗಳೆಲ್ಲ ನೋಡುವ ಬ್ಲೂಮ್‌ಬರ್ಗ್ ಪರದೆಗೆ ಹೋಯಿತು. ಸುಮಾರು 12 ಡಾಲರ್ ಇದ್ದ ಷೇರು ಕೆಲವೇ ನಿಮಿಷಗಳಲ್ಲಿ 3 ಡಾಲರಿಗೆ ಕುಸಿದು, ವಹಿವಾಟನ್ನು ನಿಲ್ಲಿಸಬೇಕಾಯಿತು. ಸುದ್ದಿ ಸುಳ್ಳಾಗಿರಲಿಲ್ಲ, ಆರು ವರ್ಷ ಹಳೆಯದಾಗಿತ್ತು. ಸರಪಳಿಯ ಪ್ರತಿಯೊಂದು ಕೊಂಡಿಯೂ ತನ್ನ ಹಿಂದಿನ ಕೊಂಡಿ ಪರಿಶೀಲಿಸಿರಬಹುದೆಂದು ನಂಬಿತ್ತು.

ಸುದ್ದಿಯನ್ನು ಮನುಷ್ಯರಿಗಿಂತ ಮೊದಲು ಓದಿ ಷೇರು ಕೊಳ್ಳುವ, ಮಾರುವ ಯಂತ್ರಗಳು ಬಂದ ಮೇಲೆ ಈ ಸರಪಳಿ ಇನ್ನೂ ಬಿಗಿಯಾಯಿತು. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟವಾಗಿದೆಯೆಂದು ಬರೆದಾಗ, ಡೌ ಜೋನ್ಸ್ ಸೂಚ್ಯಂಕ ಒಂದೆರಡು ನಿಮಿಷಗಳಲ್ಲಿ ಸುಮಾರು 140 ಅಂಶ ಕುಸಿದು, ಸುಳ್ಳೆಂದು ತಿಳಿದ ನಿಮಿಷಗಳಲ್ಲಿ ಮೇಲೆದ್ದಿತು. 2023ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಬಾರ್ಡ್ ಮಾದರಿಯ ಜಾಹೀರಾತಿನಲ್ಲಿ, ಸೌರಮಂಡಲದ ಆಚೆಗಿನ ಗ್ರಹದ ಮೊದಲ ಚಿತ್ರ ತೆಗೆದದ್ದು ಜೇಮ್ಸ್ ವೆಬ್ ದೂರದರ್ಶಕವೆಂದು ತಪ್ಪಾಗಿ ತೋರಿಸಿತು. ಅಂಥ ಚಿತ್ರವನ್ನು ಚಿಲಿಯಲ್ಲಿರುವ ಐರೋಪ್ಯ ದೂರದರ್ಶಕ 2004ರಲ್ಲಿಯೇ ತೆಗೆದಿತ್ತು. ಆ ಒಂದು ವಾಕ್ಯದ ಸುದ್ದಿ ಹರಡಿದ ದಿನ ಮಾತೃಸಂಸ್ಥೆಯ ಷೇರು ಮೌಲ್ಯ ಸುಮಾರು 10 ಸಾವಿರ ಕೋಟಿ ಡಾಲರ್‌ನಷ್ಟು ಇಳಿಯಿತು.

ಹಣಕಾಸು: ಸಾಲದ ಅಂಕ, ವಂಚನೆಯ ಅಂಕ

ಸಾಲಗಾರನನ್ನು ಅಂಕದಿಂದ ಅಳೆಯುವ ಪದ್ಧತಿಯನ್ನು ವ್ಯಾಪಾರವಾಗಿ ಬೆಳೆಸಿದವರು ಅಮೆರಿಕದ ಬಿಲ್ ಫೇರ್ ಮತ್ತು ಅರ್ಲ್ ಐಸಾಕ್. ಅವರು 1956ರಲ್ಲಿ ಸ್ಥಾಪಿಸಿದ ಸಂಸ್ಥೆಯ ಫೈಕೋ ಅಂಕ 1989ರಲ್ಲಿ ಬಳಕೆಗೆ ಬಂತು. ಭಾರತದಲ್ಲಿ 2000ದಲ್ಲಿ ಆರಂಭವಾದ ಸಿಬಿಲ್ ಸಂಸ್ಥೆ 300ರಿಂದ 900ರವರೆಗಿನ ಅಂಕ ಕೊಡುತ್ತದೆ. ಬೇರೆ ಸಂಸ್ಥೆಗಳು ಕೊಡುವ ಅಂಕವನ್ನೂ ಜನ ಸಿಬಿಲ್ ಎಂದೇ ಕರೆಯುವಷ್ಟು ಆ ಹೆಸರು ಬ್ಯಾಂಕಿನ ಬಾಗಿಲಲ್ಲಿ ರೂಢಿಯಾಗಿದೆ. ಹಿಂದೆ ತೆಗೆದ ಸಾಲ, ಕಂತು ಕಟ್ಟಿದ ಕ್ರಮ, ಕಾರ್ಡಿನ ಮಿತಿಯಲ್ಲಿ ಬಳಸಿದ ಪಾಲು ಮೊದಲಾದವುಗಳಿಗೆ ತೂಕ ಕೊಟ್ಟು ಕೂಡುವ ಸರಳ ಸಂಖ್ಯಾಶಾಸ್ತ್ರ ಇದರ ಮೂಲ. ಹೊಸ ಯಂತ್ರಕಲಿಕೆಯ ವಿಧಾನಗಳು ಹೌದು-ಇಲ್ಲ ಎಂಬ ಪ್ರಶ್ನೆಗಳಿಂದ ಕವಲೊಡೆಯುವ ಸಾವಿರಾರು ಸಣ್ಣ ನಿರ್ಣಯವೃಕ್ಷಗಳನ್ನು ಒಂದರ ತಪ್ಪನ್ನು ಇನ್ನೊಂದು ತಿದ್ದುವಂತೆ ಜೋಡಿಸಿ, ಮನುಷ್ಯರ ಕಣ್ಣಿಗೆ ಕಾಣದ ಸಂಬಂಧಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಹಿಂದೆಂದೂ ಸಾಲ ತೆಗೆಯದವನಿಗೆ ಅಂಕವೇ ಇಲ್ಲ, ಅಂಕವಿಲ್ಲದವನಿಗೆ ಸಾಲವಿಲ್ಲ ಎಂಬುದು ಈ ಪದ್ಧತಿಯ ಹಳೆಯ ಗಂಟು. ತರಕಾರಿ ಗಾಡಿಯವರು, ಹೈನು ಇಟ್ಟುಕೊಂಡ ಮಹಿಳೆಯರು, ಸಣ್ಣ ಹಿಡುವಳಿದಾರರು ಈ ಗಂಟಿನಲ್ಲಿ ಸಿಕ್ಕಿಬಿದ್ದವರು. ದಿನದಿನದ ಯುಪಿಐ ಜಮೆ, ಡೇರಿಗೆ ಹಾಕಿದ ಹಾಲಿನ ಲೆಕ್ಕ, ಪಹಣಿ, ಉಪಗ್ರಹ ಚಿತ್ರದಲ್ಲಿ ಕಾಣುವ ಬೆಳೆ ಇವನ್ನು ಓದಿ ಯೋಗ್ಯತೆಯನ್ನು ಅಂದಾಜು ಮಾಡುವ ಪ್ರಯತ್ನಗಳು ಇಂಥವರಿಗಾಗಿ ನಡೆಯುತ್ತಿವೆ. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲವನ್ನು ಗಣಕೀಕೃತ ಭೂದಾಖಲೆಗಳ ಆಧಾರದ ಮೇಲೆ ಕೊಡುವ ಪ್ರಯೋಗವನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ಆರಂಭಿಸಿದ್ದು, ಮುಂದೆ ಅದು ವಿಸ್ತರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; 2000ದ ಸುಮಾರಿಗೆ ರೂಪುಗೊಂಡ ಭೂಮಿ ಯೋಜನೆಯಿಂದಾಗಿ ಇಲ್ಲಿನ ಪಹಣಿಗಳು ಯಂತ್ರ ಓದುವ ರೂಪದಲ್ಲಿ ಆಗಲೇ ಸಿದ್ಧವಾಗಿದ್ದವು. ಆದರೆ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಉಳಿದ ಪಹಣಿ, ಉಳುವವಳ ಹೆಸರೇ ಇಲ್ಲದ ಪಹಣಿ ಯಂತ್ರಕ್ಕೆ ಹೇಳುವುದು ಅರ್ಧ ಸತ್ಯವನ್ನು. ಹಿಂದೆ ಯಾರಿಗೆ ಸಾಲ ಸಿಕ್ಕಿರಲಿಲ್ಲವೋ ಅವರ ಬಗ್ಗೆ ದತ್ತಾಂಶವೂ ಇರುವುದಿಲ್ಲ. ಹಿಂದಿನ ಅನ್ಯಾಯ ಹೀಗೆ ಯಾರ ದುರುದ್ದೇಶವೂ ಇಲ್ಲದೆ ಮುಂದಿನ ಅಂಕದೊಳಕ್ಕೆ ನುಸುಳುತ್ತದೆ.

ವಂಚನೆ ಪತ್ತೆಯಲ್ಲಿ ನರಜಾಲಗಳು ಬಹಳ ಮೊದಲೇ ಕಾಲಿಟ್ಟವು. ಅಮೆರಿಕದ ಎಚ್‌ಎನ್‌ಸಿ ಸಂಸ್ಥೆಯ ಫಾಲ್ಕನ್ ತಂತ್ರಾಂಶ 1992ರಿಂದಲೇ ಕಾರ್ಡ್ ಪಾವತಿಗಳಿಗೆ ಅಂಕ ಕೊಡುತ್ತಿತ್ತು. ಭಾರತದಲ್ಲಿ 2016ರಲ್ಲಿ ಆರಂಭವಾದ ಯುಪಿಐ 2023ರ ಆಗಸ್ಟಿನಲ್ಲಿ ಮೊದಲ ಬಾರಿಗೆ ತಿಂಗಳೊಂದರಲ್ಲಿ 1,000 ಕೋಟಿ ಪಾವತಿಗಳನ್ನು ದಾಟಿತು. ಅಂಗಡಿಯ ಧ್ವನಿಪೆಟ್ಟಿಗೆ ಹಣ ಬಂತೆಂದು ಕೂಗುವ ಮೊದಲಿನ ಒಂದೆರಡು ಸೆಕೆಂಡಿನಲ್ಲಿ ಯಂತ್ರಗಳು ಹಲವು ಸಂಗತಿಗಳನ್ನು ನೋಡಿರುತ್ತವೆ: ಮೊತ್ತ ಎಂದಿನದೇ, ಪಡೆಯುವವರು ಹೊಸಬರೇ, ವೇಳೆ ಯಾವುದು, ಮೊಬೈಲು ಅದೇ ಇದೆಯೇ, ಸಿಮ್ ಇತ್ತೀಚೆಗೆ ಬದಲಾಗಿದೆಯೇ. ಇಲ್ಲಿನ ಕಷ್ಟ ವಂಚನೆ ಅಪರೂಪ ಎಂಬುದರಲ್ಲಿಯೇ ಇದೆ. ಹತ್ತು ಲಕ್ಷ ಪಾವತಿಗಳಲ್ಲಿ ಹತ್ತು ಮಾತ್ರ ಮೋಸದವೆಂದೂ, ಮಾದರಿ ನೂರಕ್ಕೆ 99 ಸಲ ಸರಿಯಾಗಿ ಹೇಳುತ್ತದೆಂದೂ ಇಟ್ಟುಕೊಂಡರೆ, ಆ ಹತ್ತು ಮೋಸಗಳನ್ನು ಹಿಡಿಯುವ ಭರದಲ್ಲಿ ಅದು ಸುಮಾರು 10 ಸಾವಿರ ಪ್ರಾಮಾಣಿಕ ಪಾವತಿಗಳನ್ನೂ ತಡೆಯುತ್ತದೆ. ಆಸ್ಪತ್ರೆಯ ಕೌಂಟರಿನ ಮುಂದೆ ನಿಂತವರ ಪಾವತಿಯೂ ಅದರಲ್ಲಿ ಒಂದಾಗಿರಬಹುದು. ನೂರಕ್ಕೆ 99 ಎಂಬ ಹೆಗ್ಗಳಿಕೆಯನ್ನು ಕೇಳಿದಾಗಲೆಲ್ಲ ಈ ಲೆಕ್ಕವನ್ನು ನೆನಪಿಡಬೇಕು.

ಕದ್ದ ಹಣ ಹಾದುಹೋಗುವ ಬಾಡಿಗೆ ಖಾತೆಗಳನ್ನು ಬ್ಯಾಂಕಿನವರು ಮ್ಯೂಲ್ ಖಾತೆ ಎನ್ನುತ್ತಾರೆ. ನಾಲ್ಕಂಕಿಯ ಜಮೆಯೂ ಇಲ್ಲದೆ ತಿಂಗಳುಗಟ್ಟಲೆ ಸುಮ್ಮನಿದ್ದ ಖಾತೆಗೆ ಒಂದು ಮಧ್ಯಾಹ್ನ ಬೇರೆ ಬೇರೆ ರಾಜ್ಯಗಳ ಅಪರಿಚಿತರಿಂದ ಹಣ ಬಂದು ಬೀಳುತ್ತದೆ, ಬಂದ ನಿಮಿಷಗಳಲ್ಲೇ ಇನ್ನೂ ಹಲವು ಖಾತೆಗಳಿಗೆ ಹಂಚಿಹೋಗುತ್ತದೆ, ಸಂಜೆಗೆ ಖಾತೆ ಮತ್ತೆ ಬರಿದು. ಕಮಿಷನ್ ಆಸೆಗೆ ಪಾಸ್‌ಬುಕ್ಕು, ಸಿಮ್ಮು ಕೊಟ್ಟ ಕಾಲೇಜು ಹುಡುಗನಿಗೆ ತಾನೇನು ಮಾಡಿದೆನೆಂದು ತಿಳಿಯುವುದು ಪೊಲೀಸರು ಬಂದಾಗ. ಇಂಥ ಖಾತೆಗಳ ನಡೆಯನ್ನು ಕಲಿತು ಗುರುತಿಸುವ ಮ್ಯೂಲ್‌ಹಂಟರ್ ಎಂಬ ಮಾದರಿಯನ್ನು ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ರೂಪಿಸಿದ್ದು, 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಬಳಸಿಕೊಳ್ಳುವಂತೆ ಬ್ಯಾಂಕುಗಳನ್ನು ಕೋರಿತು. ವಂಚಕರ ಕೈಯಲ್ಲೂ ಅದೇ ವಿದ್ಯೆಯಿದೆ. 2024ರ ಆರಂಭದಲ್ಲಿ ಹಾಂಗ್‌ಕಾಂಗ್‌ನಲ್ಲಿ ಎಂಜಿನಿಯರಿಂಗ್ ಸಂಸ್ಥೆಯೊಂದರ ನೌಕರನೊಬ್ಬ ವಿಡಿಯೊ ಸಭೆಯಲ್ಲಿ ಕಂಡ ಮೇಲಧಿಕಾರಿಗಳ ಮಾತು ನಂಬಿ 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದ; ಪರದೆಯ ಮೇಲಿದ್ದ ಮುಖಗಳೂ ಧ್ವನಿಗಳೂ ಯಂತ್ರ ತಯಾರಿಸಿದವಾಗಿದ್ದವು.

ಷೇರುಪೇಟೆಯಲ್ಲಿ ಗಣಿತದ ಮಾದರಿಗಳ ವಹಿವಾಟಿಗೆ ಹೆಸರಾದವನು ಗಣಿತಜ್ಞ ಜಿಮ್ ಸೈಮನ್ಸ್. ಅವನು 1982ರಲ್ಲಿ ಕಟ್ಟಿದ ರೆನೆಸಾನ್ಸ್ ಟೆಕ್ನಾಲಜೀಸ್ ಅರ್ಥಶಾಸ್ತ್ರಜ್ಞರಿಗಿಂತ ಹೆಚ್ಚಾಗಿ ಗಣಿತ, ಭೌತವಿಜ್ಞಾನ ಮತ್ತು ಭಾಷಾ ಗಣನೆಯ ವಿದ್ವಾಂಸರನ್ನು ಸೇರಿಸಿಕೊಂಡಿತು. ಯಂತ್ರಗಳು ಪರಸ್ಪರರ ನಡೆಗೆ ಪ್ರತಿನಡೆ ಇಡುತ್ತ ಹೋದರೆ ಏನಾಗಬಹುದೆಂಬುದನ್ನು 2010ರ ಮೇ 6ರಂದು ಡೌ ಜೋನ್ಸ್ ನಿಮಿಷಗಳಲ್ಲಿ ಸಾವಿರ ಅಂಶಗಳ ಸಮೀಪ ಕುಸಿದು ಚೇತರಿಸಿಕೊಂಡದ್ದು ತೋರಿಸಿತು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2008ರಲ್ಲಿ ಸಂಸ್ಥೆಗಳಿಗೆ, ಯಂತ್ರಗಳೇ ನಡೆಸುವ ಅಲ್ಗಾರಿದಂ ವಹಿವಾಟಿನ ದಾರಿ ತೆರೆಯಿತು. ಸಾಮಾನ್ಯ ಹೂಡಿಕೆದಾರರಿಗಾಗಿ 2025ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮಗಳಲ್ಲಿ, ತರ್ಕ ತೆರೆದಿರುವ ಬಿಳಿಪೆಟ್ಟಿಗೆಯ ಅಲ್ಗಾರಿದಂಗಳನ್ನೂ ತರ್ಕ ಮುಚ್ಚಿರುವ ಕಪ್ಪುಪೆಟ್ಟಿಗೆಯವನ್ನೂ ಬೇರೆ ಮಾಡಿ, ಎರಡನೆಯವನ್ನು ಕೊಡುವವರು ಸಂಶೋಧನಾ ವಿಶ್ಲೇಷಕರಾಗಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿತು. 

ಕಾರಣ ಕೇಳುವ ಹಕ್ಕು

ಶೋಧದಲ್ಲಿ ತಪ್ಪು ಪುಟ ಬಂದರೆ ಕೆಳಗಿನ ಇನ್ನೊಂದನ್ನು ಒತ್ತಬಹುದು. ಸಾಲ ನಿರಾಕರಿಸಿದರೆ ಹಾಗೆ ಮುಂದೆ ಸಾಗಲಾಗದು. ಇದನ್ನು ಮನಗಂಡು 2024ರ ಆಗಸ್ಟ್ 1ರಂದು ಜಾರಿಗೆ ಬಂದ ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆ ವ್ಯಕ್ತಿಗಳ ಸಾಲಯೋಗ್ಯತೆ ಅಳೆಯುವ ಮಾದರಿಗಳನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿತು. ಹಣಕಾಸು ಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆಯನ್ನು ಹೊಣೆಯರಿತು ಬಳಸುವ ಬಗ್ಗೆ ಭಾರತದ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರಿನಲ್ಲಿ ನೇಮಿಸಿದ ಸಮಿತಿಗೆ ಅಧ್ಯಕ್ಷರಾದವರು ಮುಂಬಯಿ ಐಐಟಿಯ ಪುಷ್ಪಕ್ ಭಟ್ಟಾಚಾರ್ಯ; ಭಾರತೀಯ ಭಾಷೆಗಳ ಸಮಾನಾರ್ಥಕ ಪದಗಳನ್ನು ಬೆಸೆಯುವ ಪದಜಾಲಗಳ ನಿರ್ಮಾಣಕ್ಕೆ ಜೀವಮಾನದ ದುಡಿಮೆ ಕೊಟ್ಟ ಭಾಷಾ ಗಣನೆಯ ವಿದ್ವಾಂಸರು. ಕೊಳೆಯೂ ಮಹಾಳಿಯೂ ಒಂದೇ ಎಂದು ಯಂತ್ರಕ್ಕೆ ಕಲಿಸುವ ವಿದ್ಯೆಯಿಂದ ಬಂದವರನ್ನೇ ಬ್ಯಾಂಕಿನ ಯಂತ್ರಗಳು ಹೇಗಿರಬೇಕೆಂದು ಕೇಳಿದ್ದು ಈ ಎರಡು ಕ್ಷೇತ್ರಗಳ ನಂಟಿಗೆ ಸಾಕ್ಷಿ. 2025ರ ಆಗಸ್ಟಿನಲ್ಲಿ ಬಂದ ಸಮಿತಿಯ ವರದಿ ಏಳು ಸೂತ್ರಗಳನ್ನೂ 26 ಶಿಫಾರಸುಗಳನ್ನೂ ಮುಂದಿಟ್ಟಿದ್ದು, ಮೊದಲ ಸೂತ್ರ ನಂಬಿಕೆಯ ಕುರಿತಾದದ್ದು. ಮಾದರಿಯ ನಿರ್ಣಯ ಅರ್ಥವಾಗುವಂತಿರಬೇಕು ಎಂಬುದೂ ಅವುಗಳಲ್ಲಿ ಒಂದು.

ಸಾಲದ ಅರ್ಜಿ ತಿರಸ್ಕರಿಸಿದರೆ ಮುಖ್ಯ ಕಾರಣಗಳನ್ನು ಬರವಣಿಗೆಯಲ್ಲಿ ತಿಳಿಸಬೇಕೆಂಬ ಕಟ್ಟಳೆ ರಿಸರ್ವ್ ಬ್ಯಾಂಕಿನ 2003ರ ವ್ಯವಹಾರ ಸಂಹಿತೆಯಲ್ಲಿ ಸಣ್ಣ ಸಾಲಗಾರರಿಗಾಗಿ ಮೊದಲು ಬಂದು, 2007ರಲ್ಲಿ ಎಲ್ಲ ಸಾಲಗಳಿಗೂ ವಿಸ್ತರಿಸಿತು. ಅಂಕ ಕಡಿಮೆ ಬಂತೆಂದಷ್ಟೇ ಹೇಳಿದರೆ ಅರ್ಜಿದಾರರಿಗೆ ಏನೂ ತಿಳಿಯುವುದಿಲ್ಲ. ಯಾವ ಸಂಗತಿ ಅಂಕವನ್ನು ಎಷ್ಟು ಇಳಿಸಿತೆಂದು ಬಿಡಿಸಿ ಹೇಳಲು, ಒಟ್ಟಾಗಿ ಗಳಿಸಿದ ಲಾಭವನ್ನು ಪಾಲುದಾರರಿಗೆ ನ್ಯಾಯವಾಗಿ ಹಂಚುವ ಬಗೆಯನ್ನು ಲಾಯ್ಡ್ ಶಾಪ್ಲಿ 1953ರಲ್ಲಿ ಕಂಡುಕೊಂಡ ಗಣಿತವನ್ನೇ 2017ರಿಂದ ಯಂತ್ರಕಲಿಕೆಗೆ ಅಳವಡಿಸಲಾಗಿದೆ. ಅದರ ನೆರವಿನಿಂದ, ಎರಡು ವರ್ಷದ ಹಿಂದಿನ ಬೆಳೆಸಾಲದ ಕಂತು ಮೂರು ತಿಂಗಳು ತಡವಾದದ್ದು ಇಷ್ಟು ಅಂಕ ಕಳೆಯಿತು, ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿರುವುದು ಇಷ್ಟು ಕಳೆಯಿತು ಎಂದು ಅರ್ಜಿದಾರರಿಗೆ ಅವರ ಮಾತಿನಲ್ಲಿಯೇ ಬರೆದು ಕೊಡಲು ಸಾಧ್ಯವಿದೆ; ಮೊದಲನೆಯದು ತಪ್ಪಾಗಿದ್ದರೆ ರಸೀದಿ ತೋರಿಸಿ ತಿದ್ದಿಸಬಹುದು, ಎರಡನೆಯದಕ್ಕೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಎಂದರೆ ಪಹಣಿಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಬಹುದು.